ಎಡ ಹಿಮ್ಮಡಿ ಅರ್ಧ ಬೆರಳು ಎತ್ತರ

ಎಡಗಾಲಿಂದೇ ಅಕ್ಕ. ಸರಿಯಾಗೇ ಕೇಳಿಸ್ಕೊಂಡ್ರಿ. ಬಲಗಾಲಿಂದು ಮಾಮೂಲಿ, ಎಡಗಾಲಿನ ಹಿಮ್ಮಡಿ ಮಾತ್ರ ಅರ್ಧ ಬೆರಳು ಎತ್ತರ. ಈ ಹಳೇ ಜೋಡು ಹೇಗಿದೆಯೋ ಹಾಗೇ. ಚರ್ಮ ಯಾವುದಾದ್ರೂ ಆಗಲಿ, ಬಣ್ಣ ಯಾವುದಾದ್ರೂ ಆಗಲಿ, ಆ ಅರ್ಧ ಬೆರಳು ತಪ್ಪಬಾರದು. ನಾಳೆ ಬೆಳಿಗ್ಗೆ ನಾನು ಕೋಟೆ ಬಾಗಿಲಿಂದ ಅರಮನೆವರೆಗೆ ನಡ್ಕೊಂಡು ಹೋಗ್ಬೇಕು, ಊರಿಗೆ ಊರೇ ನೋಡೋಕೆ ನಿಂತಿರುತ್ತೆ. ಇದು ನೋಡಿದ್ರೆ ನಿನ್ನೆಯಿಂದ ಬಾಯಿ ಬಿಟ್ಕೊಂಡು ಕೂತಿದೆ. ಅಟ್ಟೆ ಒಂದು ಕಡೆ, ಉಳಿದಿದ್ದು ಒಂದು ಕಡೆ.

ಯಾಕೆ ನಗ್ತೀರಿ? ನಗಲಿಲ್ವಾ? ಮೂಗಿನ ತುದಿ ಅಲ್ಲಾಡಿದ ಹಾಗಾಯ್ತು. ನಗಿ, ಪರವಾಗಿಲ್ಲ. ನನ್ನನ್ನ ನೋಡಿ ನಗೋದು ಈ ಊರಿಗೆ ಹೊಸದೇನಲ್ಲ.

ಮೇಸ್ತ್ರಿ ಎಲ್ಲಿ ಅಂತ ಕೇಳಿದ್ದಕ್ಕೆ ನಿಮ್ಮ ಎದೆ ಮೇಲೇ ಬೆರಳಿಟ್ಟು ತೋರಿಸ್ಕೊಂಡ್ರಲ್ಲ, ಅಲ್ಲೇ ನನಗೆ ಇಷ್ಟ ಆಗ್ಬಿಟ್ಟಿತು. ಇದೇ ಬೀದೀಲಿ ಇನ್ನೂ ಮೂರು ಅಂಗಡಿ ಇದೆ. ಮೂರರ ಮುಂದೂ ಜನ ಜೇನುಹುಳದ ಹಾಗೆ ಮುತ್ಕೊಂಡಿದಾರೆ. ಅಲ್ಲಿ ಹೋಗಿ ಹಿಮ್ಮಡಿ ಎತ್ತರ ಅಂದ್ರೆ ಮಧ್ಯಾಹ್ನದೊಳಗೆ ಊರೆಲ್ಲ ಡಂಗುರ. ನಿಮ್ಮ ಅಂಗಡಿ ಮುಂದೆ ಒಂದು ನೊಣ ಕೂಡ ಇಲ್ಲ, ನನ್ನ ಜನಾನೂ ಬೀದಿ ತುದೀಲೇ ನಿಲ್ಲಿಸಿ ಬಂದೆ. ಬಾಗಿಲ ಮೇಲೆ ಬೇರೆ ಯಾರೋ ಇಷ್ಟು ದಪ್ಪಕ್ಕೆ ‘ಕಳ್ಳ’ ಅಂತ ಸುಣ್ಣದಲ್ಲಿ ಬರೆದಿದಾರೆ. ಏನು, ಬೆಲೆ ಜಾಸ್ತಿ ಹೇಳ್ತೀರಾ? ಹೇಳಿ, ಕೊಡೋಣ. ನನಗೆ ಬೇಕಾಗಿದ್ದು ಬಾಯಿ ಬಿಡದೆ ಕೆಲಸ ಮಾಡೋರು. ನೀವು ನಾನು ಬಂದಾಗಿಂದ ‘ಹೂಂ’ ಅಂತ ಕೂಡ ಅಂದಿಲ್ಲ.

ಈ ಚರ್ಮದ ಮೇಲೆ ನಿಲ್ಲಬೇಕಾ? ನಿಂತೆ. ಅಯ್ಯೋ, ಮೆಲ್ಲಗೆ, ಕಚಗುಳಿ ಆಗುತ್ತೆ. ಸೀಮೆಸುಣ್ಣ ಇಷ್ಟು ತಣ್ಣಗಿರುತ್ತಾ... ನೀವು ಎಡಗೈಯವರಾ? ಒಳ್ಳೇದು. ನಮ್ಮ ಅಡುಗೆಯವನೂ ಎಡಗೈ, ಬಡಿಸೋವಾಗ ಎಲ್ಲರ ಮೇಲೂ ಚೆಲ್ತಿದ್ದ.

ನಿಮ್ಮನ್ನ ‘ನೀವು’ ಅಂತೀನಿ ಅಂತ ಆಶ್ಚರ್ಯವಾ? ಮುಂಚೆ ನನ್ನ ಬಾಯಲ್ಲಿ ಚಿಕ್ಕಪ್ಪನನ್ನ ಬಿಟ್ಟು ಎಲ್ಲರೂ ‘ನೀನು’ಗಳೇ. ಮೂರು ವರ್ಷ ದಂಗೆ ಎದ್ದು ನಾನು ಕಲಿತಿದ್ದು ಇದೊಂದೇ. ಈಗ ಚಿಕ್ಕಪ್ಪ ‘ನೀನು’, ಉಳಿದವರೆಲ್ಲ ‘ನೀವು’.

ಹೂಂ, ಗೊತ್ತಾಯ್ತು. ಯಾಕೆ ತಲೆ ಎತ್ತಿ ನೋಡಿದ್ರಿ ಅಂತ ಗೊತ್ತಾಯ್ತು. ಎರಡೂ ಕಾಲು ಸಮ ಇದೆ, ಅಷ್ಟೇ ತಾನೆ? ಮಂಡಿಗೆ ಮಂಡಿ ಸಮ, ಗೆಣ್ಣಿಗೆ ಗೆಣ್ಣು ಸಮ. ಕುಂಟ ದೊರೆ ಕುಂಟನೇ ಅಲ್ಲ.

ಕೂತ್ಕೋತೀನಿ ತಡೀರಿ. ಕಾಲು ಹಿಡಿದು ಅಳತೆ ತಗೊಳ್ಳೋರ ಹತ್ರ ಏನು ಮುಚ್ಚಿಡೋದು. ಕುಂಟೋದು ನಾನಲ್ಲ ಅಕ್ಕ, ಈ ಜೋಡು. ಎಡಗಡೆ ಎತ್ತರ ಇದೆಯಲ್ಲ, ಅದನ್ನ ಹಾಕ್ಕೊಂಡ್ರೆ ನಾನು ಬಲಕ್ಕೆ ವಾಲ್ತೀನಿ. ಮೊದಲ ದಿನ ಬಿಚ್ಚಿ ಎಸೆಯೋಣ ಅಂದ್ಕೊಂಡೆ. ಅಷ್ಟರಲ್ಲಿ ಯಾರೋ ಮುದುಕಿ ಕೇಳಿದಳು, ಕಾಲಿಗೆ ಏನಾಯ್ತಪ್ಪ ಅಂತ. ಕತ್ತಿ ಏಟು ಅಂದೆ. ಬಾಯಿಗೆ ಬಂದಿದ್ದು ಹೇಳಿದೆ. ಅವಳು ಅತ್ತೇಬಿಟ್ಟಳು. ನನಗೋಸ್ಕರ ಒಬ್ಬರು ಅತ್ತಿದ್ದು ಅದೇ ಮೊದಲು, ಆಮೇಲೆ ಬಿಚ್ಚೋಕೆ ಮನಸ್ಸಾಗಲಿಲ್ಲ.

ಈಗ ನಮ್ಮ ಪಾಳೆಯಕ್ಕೆ ಬಂದು ನೋಡ್ಬೇಕು ನೀವು. ಹುಡುಗರೆಲ್ಲ ಕುಂಟ್ತಾರೆ. ನೀರು ತರೋಕೆ ಹೋದ್ರೂ ಕುಂಟ್ತಾರೆ. ಮದುವೆ ಗಂಡುಗಳು ಹೆಣ್ಣು ನೋಡೋಕೆ ಹೋದಾಗಲೂ ಕುಂಟ್ತಾರೆ, ಹೆಣ್ಣಿನವರು ಮೆಚ್ಕೋತಾರೆ ಅಂತ. ನೆಟ್ಟಗೆ ನಡೆಯೋನು ಅಂದ್ರೆ ಚಿಕ್ಕಪ್ಪನ ಕಡೆಯವನು ಅಂತ ಅನುಮಾನ. ಇಂಥಾ ಜನರ ಮುಂದೆ ನಾಳೆ ಪಟ್ಟ ಏರೋಕೆ ನಾನು ನೆಟ್ಟಗೆ ನಡೆದುಹೋದ್ರೆ? ಮುಗೀತು ಕತೆ.

ನನ್ನ ಹಳೇ ಹೆಸರು ನಿಮಗೆ ನೆನಪಿರಬೇಕು. ತೊಟ್ಟಿ ದೊರೆ. ಈಗ ನಿಜವಾಗ್ಲೂ ಮೂಗು ಅಲ್ಲಾಡಿತು ನೋಡಿ. ಕೋಟೆ ಮೇಲಿನ ದೊಡ್ಡ ಗಂಟೆ ಇಳಿಸಿ, ಕರಗಿಸಿ, ಸ್ನಾನದ ತೊಟ್ಟಿ ಮಾಡಿಸಿದವನು ನಾನೇ. ಏನು ಮಾಡ್ಲಿ, ಗಂಟೆ ಬೆಳಬೆಳಿಗ್ಗೆ ಬಡೀತಿತ್ತು, ನನಗೆ ನಿದ್ದೆ ಕೆಡ್ತಿತ್ತು. ತೊಟ್ಟಿ ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನೀರು ಎರಡು ತಾಸು ಬಿಸಿ ಇರ್ತಿತ್ತು. ಆಮೇಲೆ ಆ ಬೇಸಿಗೇಲಿ ಹಗ್ಗದವರ ಬೀದಿಗೆ ಬೆಂಕಿ ಬಿತ್ತು. ಊರನ್ನ ಎಬ್ಬಿಸೋಕೆ ಗಂಟೆ ಇಲ್ಲ. ಗಂಟೇಲಿ ನಾನು ಕೂತಿದ್ದೆ, ಮೈಗೆಲ್ಲ ಸೋಪು ಹಚ್ಕೊಂಡು. ಹನ್ನೊಂದು ಮನೆ ಹೋಯ್ತು ಅಕ್ಕ. ಅದನ್ನ ಹೇಳ್ಕೊಂಡು ನಾನು ನಗೋದಿಲ್ಲ.

ನನ್ನ ಸಿಂಹಾಸನಕ್ಕೆ ಕಣ್ಣಿಟ್ಟಿದ್ದ ಚಿಕ್ಕಪ್ಪ ಇಂಥದೊಂದು ದಿನಕ್ಕೇ ಕಾಯ್ತಿದ್ದ. ಆಳುಗಳನ್ನ ಕಳಿಸಿ ನನ್ನನ್ನ ತೊಟ್ಟಿ ಸಮೇತ ಹೊರಿಸಿದ, ತಂದು ಬೀದಿ ನಡುವೆ ಇಳಿಸಿದ. ಮಾನ ಮುಚ್ಚೋಕೆ ನೊರೆ ಬಿಟ್ರೆ ಬೇರೇನೂ ಇಲ್ಲ. ಅದೂ ಎಷ್ಟು ಹೊತ್ತು ನಿಲ್ಲುತ್ತೆ? ನೀವೂ ಅವತ್ತು ಆ ಗುಂಪಲ್ಲಿ ಇದ್ರಾ? ಬೇಡ, ಹೇಳಬೇಡಿ.

ಅಲ್ಲಿಂದ ದಿಡ್ಡಿ ಬಾಗಿಲ ಪಕ್ಕದ ಕತ್ತಲೆ ಕೋಣೆ. ನನ್ನ ಬಟ್ಟೆ, ಬೂಟು ಹಿಂದೆಯೇ ಒಳಗೆ ಎಸೆದ್ರು. ಅಲ್ಲಿಂದ ತಪ್ಪಿಸ್ಕೊಂಡು ಹೊಳೆ ಆಚೆ ಹಿಟ್ಟಿನ ಗಿರಣಿ. ಮೂಟೆಗಳ ಹಿಂದೆ ಒಂದು ತಿಂಗಳು ಬಿದ್ಕೊಂಡಿದ್ದೆ. ದಂಗೆ ಹೇಗೆ ಶುರುವಾಯ್ತು ಅಂತ ಲಾವಣಿ ಕಟ್ಟಿದಾರಲ್ಲ, ಸೇತುವೆ ಮೇಲೆ ದೊರೆ ಸಿಂಹದ ಹಾಗೆ ನುಗ್ಗಿದ ಅಂತ? ನಿಜ ಹೇಳ್ತೀನಿ ಕೇಳಿ. ಚಿಕ್ಕಪ್ಪನ ಸಿಪಾಯಿಗಳು ಹಳ್ಳಿಯ ಹೇಸರಗತ್ತೆ ಹಿಡಿಯೋಕೆ ಬಂದ್ರು. ನಾನು ನನ್ನನ್ನೇ ಹಿಡಿಯೋಕೆ ಬಂದ್ರು ಅಂದ್ಕೊಂಡು ಕಿಟಕಿಯಿಂದ ಹಾರಿ ಓಟ ಕಿತ್ತೆ. ನಾನು ಓಡಿದ್ದು ನೋಡಿ ಗಿರಣಿಯವನು ಓಡಿದ, ಅವನು ಓಡಿದ್ದು ನೋಡಿ ಹಳ್ಳಿಯೆಲ್ಲ ಓಡಿತು. ಕುಂಟೋ ಕಾಲಲ್ಲಿ ದಿಕ್ಕು ನೆಟ್ಟಗಿರುತ್ತಾ? ಸೇತುವೆ ಕಡೆಗೇ ಓಡಿಬಿಟ್ಟಿದೀನಿ. ಸಿಪಾಯಿಗಳು ನೋಡ್ತಾರೆ, ಇನ್ನೂರು ಜನ ಕಿರುಚ್ಕೊಂಡು ಮೈ ಮೇಲೆ ಬರ್ತಿದಾರೆ, ಮುಂದೆ ಒಬ್ಬ ಕುಂಟ. ಆಯುಧ ಬಿಸಾಕಿ ಹೊಳೆಗೆ ಹಾರಿದ್ರು. ನಾನು ತಪ್ಪಿಸ್ಕೊಂಡು ಓಡ್ತಿದ್ದೆ ಅಕ್ಕ! ಸಂಜೆ ಹೊತ್ತಿಗೆ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ರು. ಇಳಿಸಿ ಅಂತ ನಾನೂ ಹೇಳಲಿಲ್ಲ.

ಆಮೇಲೆ ಮಾತ್ರ ನಿಜವಾಗ್ಲೂ ಕಾದಾಡಿದೀನಿ. ಅದನ್ನ ನಂಬಿ. ಅಷ್ಟು ಜನ ನಂಬಿ ಹಿಂದೆ ಬಂದ್ಮೇಲೆ ಹೇಡಿಗೂ ನಾಚಿಕೆ ಆಗುತ್ತೆ.

ಹಳೇ ಜೋಡು ಯಾಕೆ ಅಷ್ಟೊತ್ತಿಂದ ತಿರುಗಿಸಿ ತಿರುಗಿಸಿ ನೋಡ್ತಿದೀರಿ? ಅಳತೆ ಆಯ್ತಲ್ಲ. ಎಲ್ಲಿಂದ ಬಂತು ಅಂತಾನಾ? ಸಂತೇಲಿ ತಗೊಂಡಿದ್ದು. ಹೊಳೆ ಆಚೆ ಒಬ್ಬ ಹಳೇ ಸಾಮಾನಿನವನು... ಏನು, ಹೀಗೆ ಹಿಮ್ಮಡಿ ಎತ್ತರಿಸಿದ ಜೋಡು ಸಂತೇಲಿ ಯಾರು ಮಾರ್ತಾರೆ ಅಂತ ತಾನೆ ನಿಮ್ಮ ಮುಖ ಕೇಳ್ತಿರೋದು? ಸರಿ, ಸರಿ. ಕಸುಬಿನವರ ಹತ್ರ ನಡೆಯಲ್ಲ ಇದು.

ಊರಿಗೆಲ್ಲ ಗೊತ್ತಿರೋ ಕತೇನೇ ಅಕ್ಕ. ಬೂಟುಗಳ್ಳ. ನೀವೂ ಕೇಳಿರ್ತೀರಿ, ಮಕ್ಕಳು ಕೂಡ ಹಾಡ್ಕೊಂಡು ಕುಣೀತಾರೆ. ಕತ್ತಲೆ ಕೋಣೆಗೆ ಒಬ್ಬ ಕಾವಲಿನವನಿದ್ದ. ನಾನು ಗಾಯ ಆಗಿ ಮೈಮರೆತು ಬಿದ್ದಿದ್ದಾಗ ನನ್ನ ಬೆಳ್ಳಿ ಬಕಲಿನ ಬೂಟು ಎಳ್ಕೊಂಡು, ತನ್ನ ಹಾಳು ಜೋಡು ಬಿಟ್ಟು ಹೋದ. ಗುಡ್ಡದ ಮೇಲೆ ಸಿಕ್ಕಿಬಿದ್ದ. ಚಿಕ್ಕಪ್ಪನ ಕಡೆಯವರು ಅಲ್ಲೇ... ಮುಗಿಸಿದ್ರಂತೆ. ಮಾಡಿದ್ದುಣ್ಣೋ ಅಂತ ಜನ...

ದಬ್ಬಳ ಯಾಕೆ ಕೆಳಗಿಟ್ರಿ?

ಅಕ್ಕ, ಸುಮ್ಮನೆ ಹಾಗೆ ನೋಡಬೇಡಿ. ಆ ಹೊಲಿಗೆ ಮೇಲೆ ಬೆರಳಾಡಿಸೋದು ನಿಲ್ಲಿಸಿ ಮೊದಲು. ಹೌದು, ಹೊಲಿಗೆ ಸ್ವಲ್ಪ ಓರೆ ಇದೆ. ಎಲ್ಲರೂ ಹೀಗೆ ವಾಲಿಸಿ ಹೊಲೀತಾರೆ, ಇದು ಆ ಕಡೆಗೆ ವಾಲಿದೆ. ಮೂರು ವರ್ಷದಿಂದ ನೋಡ್ತಿದೀನಿ, ಯಾರೋ ಕನ್ನಡಿ ನೋಡ್ಕೊಂಡು ಹೊಲಿದ ಹಾಗಿದೆ ಅಂತ ನಾನೇ ತಮಾಷೆ ಮಾಡ್ತಿದ್ದೆ...

ಎಡಗೈ.

ಬಾಗಿಲ ಮೇಲೆ... ಅದು ಬೆಲೆ ಜಾಸ್ತಿ ಅಂತ ಬರೆದಿದ್ದಲ್ಲ. ಅಲ್ವಾ.

ನೋಡು, ಹೊರಗೆ ನನ್ನ ಜನ ಇದಾರೆ. ಮುನ್ನೂರು ಜನ. ನೀನು ಬಾಯಿ ತೆಗೆದು ಒಂದು ಮಾತು ಆಡಿದ್ರೂ ಯಾರೂ ನಂಬಲ್ಲ. ಕಳ್ಳನ ಹೆಂಡತಿ ಮಾತು ಯಾರು ನಂಬ್ತಾರೆ? ನಾನು ಒಂದು ಸಲ ಕೈ ಎತ್ತಿದ್ರೆ ಸಾಕು, ಈ ಅಂಗಡಿ, ಈ ಅಚ್ಚು, ಈ ಚರ್ಮ... ನಿನ್ನ... ನಿನ್ನ...

ನಿಮ್ಮ. ನಿಮ್ಮ ಅಂಗಡಿ. ತಪ್ಪಾಯ್ತು ಅಕ್ಕ. ನೋಡಿದ್ರಾ, ಕಲಿತಿದ್ದು ಇದೊಂದೇ ಅಂದೆ, ಅದೂ ಎಷ್ಟು ಬೇಗ ಬಿಟ್ಟುಹೋಯ್ತು.

ಎಲ್ಲಿಗೆ ಹೋಗ್ತೀರಿ? ಒಳಗೆ ಏನಿದೆ? ಯಾರನ್ನ ಕರೀತೀರಿ?

ಓ.

ನನ್ನ ಬೂಟು.

ಬಕಲು ಇನ್ನೂ ಇದೆ, ಎರಡೂ. ಶವದ ಜೊತೆ ಕಳಿಸಿಕೊಟ್ರಾ? ಚಿಕ್ಕಪ್ಪನಿಗೆ ಇಂಥದ್ದರಲ್ಲಿ ಬಹಳ ಶಿಸ್ತು. ಮಾರಿದ್ರೆ ಎರಡು ವರ್ಷ ಮನೆ ನಡೀತಿತ್ತು ನಿಮ್ದು. ಮಾರಲಿಲ್ಲ. ಇದೇನಿದು, ಎಡಗಾಲಿನ ತುದಿ... ಚರ್ಮ ಪೂರಾ ಸವೆದು ತೂತು ಬಿದ್ದಿದೆ. ಬಲಗಾಲಿಂದು ಹೊಸದರ ಹಾಗಿದೆ. ಎಡಗಾಲು ಮಾತ್ರ... ಎಳ್ಕೊಂಡು ಹೋಗಿದಾನೆ. ಅಷ್ಟೂ ದೂರ, ಗುಡ್ಡದವರೆಗೂ.

ಅವನು ಕದೀಲಿಲ್ಲ ಅಕ್ಕ.

ಬೆಳಗಿನ ಜಾವ ಬಂದು ಬೀಗ ತೆಗೆದ. ನನ್ನನ್ನ ಬೆಳಿಗ್ಗೆ ಮುಗಿಸ್ಬೇಕು ಅಂತ ಅಪ್ಪಣೆ ಆಗಿತ್ತು. ಯಾಕಪ್ಪ ಬಿಡ್ತಿದೀಯ ಅಂದೆ. ‘ಸಾಯಿಸೋವಷ್ಟು ಕೆಟ್ಟವರಲ್ಲ ದೊರೆ ನೀವು, ದಡ್ಡರು ಅಷ್ಟೇ’ ಅಂದ. ನನ್ನ ಬಗ್ಗೆ ಯಾರೂ ಅಷ್ಟು ಒಳ್ಳೇ ಮಾತು ಆಡಿಲ್ಲ. ನಾನು ಏನು ಮಾಡಿದೆ ಗೊತ್ತಾ? ಅವನ ಕಾಲು ನೋಡಿದೆ. ನನ್ನ ಬೂಟಿನ ಲಾಳದ ಗುರುತು ಊರಿಗೇ ಗೊತ್ತು, ಒದ್ದೆ ಮಣ್ಣಲ್ಲಿ ಹೆಜ್ಜೆ ಹಿಡ್ಕೊಂಡು ಬಂದುಬಿಡ್ತಾರೆ. ನಿನ್ನ ಜೋಡು ಬಿಚ್ಚು, ನನ್ನ ಬೂಟು ಹಾಕ್ಕೋ ಅಂದೆ. ಅವನು... ಅವನು ಹೇಳಿದ ಅಕ್ಕ. ಬಾಯಿ ಬಿಟ್ಟು ಹೇಳಿದ. ‘ದೊರೆ, ಇದಿಲ್ಲದಿದ್ರೆ ನನಗೆ ಓಡೋಕಾಗಲ್ಲ. ಒಂದು ಕಾಲು ಗಿಡ್ಡ. ನನ್ನ ಹೆಂಡತಿ ಹೊಲಿದುಕೊಟ್ಟಿದ್ದು, ಇದು ಹಾಕ್ಕೊಂಡ್ರೆ ಮಾತ್ರ ಎಲ್ಲರ ಹಾಗೆ ನಡೀತೀನಿ.’

ಬಿಚ್ಚು ಅಂದೆ. ದೊರೆ ಆಗಿ ನಾನು ಕೊಟ್ಟ ಕೊನೇ ಅಪ್ಪಣೆ ಅದು. ನೀನು ಗುಡ್ಡದ ಕಡೆ ಹೋಗು, ನಾನು ಹೊಳೆ ಕಡೆ ಹೋಗ್ತೀನಿ ಅಂದಿದ್ದೂ ನಾನೇ. ಒಂದು ಸಲ ತಿರುಗಿ ನೋಡಿದೆ. ಕುಂಟ್ತಾ ಹೋಗ್ತಿದ್ದ. ನೋಡಿಯೂ ಓಡಿದೆ.

ಗಿರಣೀಲಿ ಇದು ಯಾರ ಜೋಡು ಅಂತ ಕೇಳಿದ್ರು. ಕಾವಲಿನವನು ನನ್ನ ಬೂಟು ಕದ್ದು ಇದನ್ನ ಬಿಟ್ಟುಹೋದ ಅಂದೆ. ಅಷ್ಟೇ. ಒಂದು ಸಾಲು. ಅದು ಲಾವಣಿ ಆಗುತ್ತೆ, ನಿಮ್ಮ ಬಾಗಿಲವರೆಗೆ ಬರುತ್ತೆ ಅಂತ... ಗೊತ್ತಿರಲಿಲ್ಲ ಅನ್ನೋಣ ಅಂದ್ರೆ ಅದೂ ಸುಳ್ಳು. ಯೋಚನೇನೇ ಮಾಡಲಿಲ್ಲ.

ಏನಾದ್ರೂ ಬೈಯಿರಿ. ಆ ದಬ್ಬಳ ತಗೊಂಡು ಚುಚ್ಚಿದ್ರೂ ಸರಿ. ಹೀಗೆ ಬೂಟು ಮುಂದಿಟ್ರೆ ನಾನೇನು ಮಾಡ್ಲಿ?

ಹಾಕ್ಕೋಬೇಕಾ? ಇವನ್ನೇ? ಅಕ್ಕ, ಇವನ್ನ ಹಾಕ್ಕೊಂಡ್ರೆ ನಾನು ನೆಟ್ಟಗೆ ನಡೀತೀನಿ. ಹೊರಗೆ ಮುನ್ನೂರು ಜನ ಕುಂಟ್ಕೊಂಡು ಕಾಯ್ತಿದಾರೆ. ಆ ಜೋಡು ವಾಪಸ್ ಕೊಡಿ, ಹರಿದಿದ್ರೂ ಪರವಾಗಿಲ್ಲ, ದಾರ ಕಟ್ಕೊಂಡು... ಇಲ್ಲ. ಎದೆಗೆ ಅವುಚ್ಕೊಂಡಿದೀರಿ. ಸರಿ. ಅದು ನಿಮ್ಮದು. ಹಾಕ್ಕೊಂಡೆ ನೋಡಿ. ಇನ್ನೂ ಅಳತೆಗೆ ಸರಿಯಾಗಿದೆ. ಎಡಗಾಲಿನ ಹೆಬ್ಬೆರಳು ಹೊರಗೆ ಕಾಣುತ್ತೆ, ಅಷ್ಟೇ.

ಒಂದು ಒದ್ದೆ ಬಟ್ಟೆ ಕೊಡಿ. ಹೋಗ್ತಾ ಆ ಬಾಗಿಲ ಮೇಲಿಂದನ್ನ ನಾನೇ ಒರೆಸಿ ಹೋಗ್ತೀನಿ, ಎಲ್ಲರ ಎದುರಿಗೆ. ಅಷ್ಟಾದ್ರೂ ಮಾಡ್ತೀನಿ. ಬಟ್ಟೆ ಅಕ್ಕ, ಒಂದು ತುಂಡು...

ಇದು ಸೀಮೆಸುಣ್ಣ. ನಾನು ಕೇಳಿದ್ದು ಬಟ್ಟೆ.

ಓ... ಒರೆಸೋದು ಬೇಡವಾ?

ತೊಟ್ಟಿ ದೊರೆ ಅಂದ್ರು, ಸಹಿಸ್ಕೊಂಡೆ. ಕುಂಟ ದೊರೆ ಅಂದ್ರು, ಮೀಸೆ ತಿರುವ್ಕೊಂಡೆ. ಈಗ ನೀವು... ‘ಕಳ್ಳ’ ಅನ್ನೋದು ಆಗ್ಲೇ ಅಲ್ಲಿದೆ. ಮುಂದೆ ಒಂದು ಪದ ಸೇರಿಸಿದ್ರೆ ಆಯ್ತು. ನಾಳೆ ಅರಮನೆ ಇರುತ್ತೋ ಇಲ್ವೋ, ಈ ಜನ ನನ್ನನ್ನ ಹೆಗಲ ಮೇಲೆ ಹೊರ್ತಾರೋ ಹೊಳೆಗೆ ಎಸೀತಾರೋ, ಹೇಳೋಕಾಗಲ್ಲ.

ಬಾಗಿಲು ನೀವೇ ತೆಗೀರಿ ಅಕ್ಕ. ಓಡಿಹೋಗಲ್ಲ, ಬರೀತೀನಿ. ಹಿಂದೆ ನಿಂತವರಿಗೂ ಕಾಣೋ ಹಾಗೆ ದಪ್ಪಕ್ಕೇ ಬರೀತೀನಿ. ಎರಡೇ ಅಕ್ಷರ ತಾನೆ.