ಬೋರ್ಡಿನ ಸೊಂಟ

"ಸೊಂಟ ಸಣ್ಣಗಿದ್ರೆ ತಾನೇ ಚೆನ್ನಾಗಿ ಬಳುಕೋದು?"

ಆಸ್ಟ್ರಿಯಾದ ಟಿರೋಲಿನಲ್ಲಿ, ಬೆಟ್ಟದ ಬುಡದಲ್ಲಿ ಕೇಬಲ್ ಕಾರಿಗೆ ಕಾಯುತ್ತಿದ್ದ ಹೆಡ್ವಿಗ್ ಅಜ್ಜಿ ಹುಬ್ಬು ಗಂಟಿಕ್ಕಿ ಹಿಂದೆ ತಿರುಗಿದಳು. ಅಲ್ಲಿ ಅಣ್ಣ ತಂಗಿ ನಿಂತಿದ್ದರು, ಇಬ್ಬರ ಕೈಯಲ್ಲೂ ಒಂದೊಂದು ಸ್ನೋಬೋರ್ಡ್. ತಂಗಿಯ ಎದೆಯ ಮೇಲೆ ರೇಸಿನ ನಂಬರು. ಅಣ್ಣ ಹೊಗಳುತ್ತಿದ್ದದ್ದು ತನ್ನ ಕೈಯಲ್ಲಿದ್ದ ಬೋರ್ಡನ್ನು. ಅದರ ಎರಡೂ ಬದಿ ನಡುವಿನಲ್ಲಿ ಒಳಕ್ಕೆ ಬಾಗಿದ್ದವು.

"ಅಂಚು ಹಿಮಕ್ಕೆ ಒತ್ತಿದ್ರೆ ಸಾಕು ಅಫ್ರಾ, ತಾನೇ ತಿರುಗತ್ತೆ. ಮೇಲೆ ನೀನು ಸುತ್ತಿ ಬರ್ಬೇಕಾದ ಬಾವುಟಗಳು ಎಷ್ಟು ಹತ್ತಿರ ಇವೆ ನೋಡಿದ್ಯಲ್ಲ."

"ಹೋದ್ವರ್ಷ ನಾನು ಬಿದ್ದದ್ದೆಲ್ಲಿ, ಅಣ್ಣ?"

"ಕೆಳಗೆ, ನೇರ ಇಳಿಜಾರಲ್ಲಿ."

"ಯಾವ ಬೋರ್ಡಲ್ಲಿ?"

ಅವನು ಟೋಪಿ ಸರಿಮಾಡಿಕೊಂಡ. "ಇದ್ರಲ್ಲೇ."

"ನಾನು ಜೋರಾಗಿ ನೇರ ಹೋಗ್ತಿದ್ದೆ, ಆ ಬೋರ್ಡಿಗೆ ಬಳುಕೋ ಚಟ. ಎಳ್ಕೊಂಡು ಹೋಗಿ ಅಂಚಿಗೆ ಕಟ್ಟಿದ್ದ ಬಲೆಗೆ ಹಾಕ್ತು. ನನ್ನದು ನೋಡು, ಅಜ್ಜಿಯಂದಿರ ಹಾಗೆ ದಪ್ಪ ಸೊಂಟ. ಎಷ್ಟೇ ಜೋರಾದ್ರೂ ಅಲ್ಲಾಡಲ್ಲ."

"ಮೇಲೆ ತಿರುಗಲ್ವಲ್ಲೇ."

"ಮೇಲೆ ನಾನು ಚೆನ್ನಾಗಿ ಬಗ್ಗಿ ಇದನ್ನ ತಿರುಗಿಸ್ತೀನಿ. ಕೆಳಗೆ ಇದು ನನ್ನ ತಿರುಗಿಸದಿದ್ರೆ ಸಾಕು."

ಕೇಬಲ್ ಕಾರು ಬಂತು. ಅಣ್ಣ ತನ್ನ ಕೈಯಲ್ಲಿದ್ದುದನ್ನು ಗೋಡೆಗೆ ಒರಗಿಸಿಟ್ಟು, ತಂಗಿಯದನ್ನು ಹೆಗಲಿಗೇರಿಸಿಕೊಂಡು ಅವಳ ಹಿಂದೆ ಹತ್ತಿದ.

ಹೆಡ್ವಿಗ್ ಅಜ್ಜಿ ತಾನೂ ಹತ್ತಿ, ತನ್ನ ದಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ನಿಂತಳು.