ಇರಾಂಗನಿಯ ದನಿ

ಎಪ್ಪತ್ತೆಂಟರ ಜುಲೈ. ಹಳಿಯ ಮೇಲೆ ನೀರು ತುಂಬಿ ಬಾಂಬೆಯ ಲೋಕಲ್ ರೈಲುಗಳು ನಿಂತುಹೋಗಿದ್ದವು. ಮಾಟುಂಗದ ಉಡುಪಿ ಹೋಟೆಲಿನ ಮೇಲಿನ ಕೋಣೆಯಲ್ಲಿ ನಾವು ಕಾಲೇಜು ಹುಡುಗರು ಸಂಜೆಯಿಂದ ಸಿಕ್ಕಿಬಿದ್ದಿದ್ದೆವು. ದೆವ್ವವೆಲ್ಲ ಬೊಗಳೆ ಎಂದು ನಾನೇ ವಾದ ತೆಗೆದಿದ್ದೆ. ಹೋಟೆಲಿನ ಮಾಲಿಕ ಮೋನಪ್ಪನವರ ಅತ್ತಿಗೆ ನೀಲಾವತಿಯಮ್ಮ ಅಲ್ಲೇ ಕೂತಿದ್ದರು. ಅರವತ್ತು ದಾಟಿದವರು, ಹಿಂದೆ ರೇಡಿಯೋ ನಾಟಕಗಳಲ್ಲಿ ಪಳಗಿ, ಹಿಂದಿ ಸಿನಿಮಾದ ನಟಿಯರಿಗೆ ದನಿ ಕೊಡುತ್ತಿದ್ದವರು.

"ಬೊಗಳೆಯೇ ಇರಲಿ ಮಾರಾಯ, ಕೇಳಿದರೆ ಕಿವಿ ಸವೆಯುತ್ತದಾ?" ಎಂದು ಶುರು ಮಾಡಿದರು.

"ಇರಾಂಗನಿ ಅಂತ ಒಬ್ಬಳಿದ್ದಳು. ಅಪ್ಪ ಕೊಲಂಬೊದ ಸಿಂಹಳದವ, ಅಮ್ಮ ಡಾರ್ಜಿಲಿಂಗಿನ ನೇಪಾಳಿ... ಎರಡೂ ಕಡೆಯವರು ನಮ್ಮವಳಲ್ಲ ಅಂದರು, ಬಾಂಬೆಯ ಸಿನಿಮಾದವರು ಮಾತ್ರ ಮುಖ ನೋಡಿ 'ಚಲೇಗಾ', ನಡೀತದೆ ಅಂದರು. ಅರವತ್ತೇಳನೇ ಇಸವಿಯಲ್ಲಿ ಕ್ಲಬ್ಬಿನಲ್ಲಿ ಕುಣಿಯುವ ಪಾರ್ಟು, ಆಮೇಲೆ ಹೀರೋಯಿನ್ನಿನ ಗೆಳತಿ, ಎಪ್ಪತ್ತೆರಡಕ್ಕೆ ಅವಳೇ ಹೀರೋಯಿನ್. ಮುಖ ಅವಳದ್ದು, ಮಾತು ನನ್ನದು. ಅವಳ ಹಿಂದಿ ಕೇಳಿದರೆ ಥಿಯೇಟರಿನಲ್ಲಿ ನಗ್ತಾರೆ ಅಂತ ಪ್ರೊಡ್ಯೂಸರಿಗೆ ಹೆದರಿಕೆ. ಜನ ಬಂದು 'ಎಂಥಾ ದನಿ!' ಅಂತ ಹೊಗಳಿದರೆ ಪಾಪ, ಅವಳು ಬಾಯಿ ಬಿಡ್ತಿರಲಿಲ್ಲ... ಬಿಟ್ಟರೆ ಗುಟ್ಟು ರಟ್ಟಲ್ಲವಾ? 'ದೀದಿ, ಒಂದೇ ಒಂದು ಪಿಕ್ಚರ್ ನನ್ನ ದನಿಯಲ್ಲಿ ಬರಬೇಕು' ಅಂತ ನನ್ನ ಹತ್ತಿರವೇ ಹಿಂದಿ ಕಲಿತಳು. ಪ್ರೊಡ್ಯೂಸರ್ ಕಡೆಗೂ ಒಪ್ಪಿದ. ಶೂಟಿಂಗ್ ಮುಗೀತು. ಡಬ್ಬಿಂಗಿಗೆ ಮುಂಚೆ ಕಾಮಾಲೆ ಬಂತು... ಹೋದಳು.

ಮತ್ತೆ ಕರೆದದ್ದು ಯಾರನ್ನ? ನನ್ನನ್ನೇ. ಸಾಂತಾಕ್ರೂಜಿನಲ್ಲಿ ಡಬ್ಬಿಂಗ್. ಫಿಲ್ಮಿನ ತುಂಡನ್ನು ತುದಿಗೆ ತುದಿ ಅಂಟಿಸಿ ತಿರುಗಿಸ್ತಾರೆ, ಅದೇ ಮುಖ, ಅದೇ ಬಾಯಿ, ಮತ್ತೆ ಮತ್ತೆ... ತುಟಿ ನೋಡಿ ನಾವು ಮಾತು ಕೂರಿಸಬೇಕು. ಅವತ್ತು ಕೂರಲೇ ಇಲ್ಲ. ನಮ್ಮೂರಲ್ಲಿ ಸತ್ತವರಿಗೆ ಎಲೆ ಹಾಕಿ, ಬಡಿಸಿ, ಹೆಸರು ಹಿಡಿದು ಕರೀತಾರಲ್ಲ, ನಾನೂ ಮನಸ್ಸಿನಲ್ಲೇ ಕರೆದೆ. 'ಬಾ ಇರಾಂಗನಿ, ನಿನ್ನ ಮಾತು ನೀನೇ ಆಡು.' ಬಾಯಿ ತೆರೆದೆ... ಟಕ್ ಅಂತ ಕೂತಿತು! ರೆಕಾರ್ಡಿಂಗಿನವ ವಾಪಸ್ ಹಾಕಿ ಕೇಳಿಸಿದ. ಅವಳ ದನಿ! ಮೈಕಿನ ಮುಂದೆ ಇದ್ದವಳು ನಾನೊಬ್ಬಳೇ, ಹಾಗಾದರೆ ಮಾತಾಡಿದ್ದು ಯಾರು? ನನಗೆ ಇವತ್ತಿಗೂ ಗೊತ್ತಾಗಲಿಲ್ಲ. ಪ್ರೊಡ್ಯೂಸರ್ ಬೆವರು ಒರೆಸಿಕೊಂಡು 'ಬಹುತ್ ಅಚ್ಛಾ, ನೆಕ್ಸ್ಟ್' ಅಂದ.

ಪಿಕ್ಚರ್ ಓಡಿತು, ಅವಳ ಆಸೆಯೂ ತೀರಿತು. ಆದರೆ ಕರೆದವರನ್ನು ಉಂಡ ಮೇಲೆ ಕಳಿಸಿಕೊಡಬೇಕಲ್ಲ? ಆ ಗಡಿಬಿಡಿಯಲ್ಲಿ ನಾನು ಕಳಿಸಲೇ ಇಲ್ಲ..."

"ಅದು ನಿಮ್ಮ ಭ್ರಮೆ ಅಮ್ಮ," ಎಂದೆ.

"ಇರಬಹುದಪ್ಪ. ಮೊನ್ನೆ ಊರಿಂದ ತಂಗಿಯ ಟ್ರಂಕ್ ಕಾಲ್ ಬಂತು. ನಾನೇ ಫೋನ್ ಎತ್ತಿ, 'ಹೇಗಿದ್ದಿ ಸೇವಂತಿ, ಮೊಮ್ಮಗ ಹುಷಾರಾ?' ಅಂದೆ. ಅವಳು ಏನು ಹೇಳಿದಳು ಗೊತ್ತುಂಟಾ? 'ಹುಷಾರಿದ್ದಾನೆ. ನೀವು ಯಾರು ಮಾತಾಡುವುದು? ಸ್ವಲ್ಪ ನಮ್ಮ ಅಕ್ಕನನ್ನು ಕರೀತೀರಾ?'"