ಆರಿಸಿದ ಮೇಲೂ ಕೇಳಿದ ಬೀಪ್

ಇದು ಎಲ್ಲೋ ಯಾರೋ ಹೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗಳು ಟೊರುನ್‌ಗೆ ಆದದ್ದು. ಲಿಂಗೆನ್ ಬೆಟ್ಟದಲ್ಲಿ, ಹೋದ ಏಪ್ರಿಲ್‌ನಲ್ಲಿ.

ವಸಂತದಲ್ಲಿ ನಮ್ಮ ಬೆಟ್ಟ ಹತ್ತುವವರು ಕತ್ತಲಿರುವಾಗಲೇ ಹೊರಡಬೇಕು. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿರುತ್ತದೆ; ಬಿಸಿಲೇರಿತೋ, ಇಳಿಜಾರೇ ಜಾರಿ ಬರುತ್ತದೆ. ಟೊರುನ್ ಮತ್ತವಳ ಗಂಡ ಯೂಸ್ಟೈನ್ ಎರಡು ಗಂಟೆಗೇ ಹೊರಟರು. ಅವಳ ತಮ್ಮ ಆಸ್ಮುಂಡ್ ಹಿಮದಡಿ ಸತ್ತು ಅಂದಿಗೆ ಒಂದು ವರ್ಷ. ಆ ಜಾಗದಲ್ಲಿ ಒಂದು ಮೇಣದಬತ್ತಿ ಹಚ್ಚಿ ಬರೋಣ ಅಂತ.

ಆಸ್ಮುಂಡ್ ಜೊತೆ ಅವತ್ತು ಇದ್ದವನು ಯೂಸ್ಟೈನ್ ಒಬ್ಬನೇ. ಹೂತುಹೋದರೆ ಪತ್ತೆಯಾಗಲಿ ಅಂತ ನಾವೆಲ್ಲ ಎದೆಗೊಂದು ಸಂಕೇತ ಕಳಿಸುವ ಪುಟ್ಟ ಯಂತ್ರ ಕಟ್ಟಿಕೊಳ್ಳುತ್ತೇವಲ್ಲ... "ನಿನ್ನ ತಮ್ಮ ಅದನ್ನ ಆನ್ ಮಾಡೇ ಇರ್ಲಿಲ್ಲ. ಮೂರು ಗಂಟೆ ಹುಡುಕಿದೆ," ಅಂದಿದ್ದ. ಹೆಣ ಸಿಕ್ಕಿದ್ದು ಹಿಮ ಕರಗಿದ ಮೇಲೆ, ಜೂನ್‌ನಲ್ಲಿ. ನೀರಲ್ಲಿ ನೆನೆದ ಯಂತ್ರದಿಂದ ಏನೂ ತಿಳಿಯಲಿಲ್ಲ.

ರಾತ್ರಿಯಿಡೀ ಮೋಡ ಕವಿದು ಚಳಿ ಕಡಿಮೆಯಿತ್ತು. ಹಿಮ ಹೆಪ್ಪುಗಟ್ಟಿರಲಿಲ್ಲ. ಕಾಲಿಟ್ಟರೆ ಮೊಣಕಾಲವರೆಗೆ... ಪಸಕ್. ಪಸಕ್.

"ವಾಪಸ್ ಹೋಗೋಣ್ವಾ?" ಪಿಸುಗುಟ್ಟಿದಳು.

"ಮೇಲೆ ಗಟ್ಟಿ ಇರುತ್ತೆ ಕಣೆ. ಪುಕ್ಕಲಿ!"

ಕೊನೆಯ ಬರ್ಚ್ ಮರದ ಬಳಿ ನಿಂತರು. ಅಲ್ಲಿಂದಾಚೆ ಬರೀ ಇಳಿಜಾರು. ಯಂತ್ರ ಪರೀಕ್ಷಿಸದೆ ಯಾರೂ ದಾಟುವುದಿಲ್ಲ. ಟೊರುನ್ ತನ್ನದನ್ನು ಹುಡುಕುವ ಗುರುತಿಗೆ ತಿರುಗಿಸಿದಳು; ಹಾಗೆ ಮಾಡಿದರೆ ಹತ್ತಿರದ ಯಂತ್ರಗಳ ಸಂಕೇತ ಕೇಳುತ್ತದೆ.

ಬೀಪ್... ಬೀಪ್...

"ನಿಂದು ಕೇಳ್ತಿದೆ. ಒಂದ್ಸಲ ಆರಿಸು."

ಆರಿಸಿದ.

ಬೀಪ್... ಬೀಪ್...

ಯಂತ್ರದ ಪರದೆಯ ಬಾಣ ಮೇಲಿನ ಕೊರಕಲಿನ ಕಡೆ ತೋರಿಸುತ್ತಿತ್ತು. ನಲವತ್ತು ಮೀಟರ್. ಅವಳು ಕದಲಲಿಲ್ಲ, ಆದರೂ ಅಂಕಿ ಇಳಿಯತೊಡಗಿತು. ಮೂವತ್ತು... ಹದಿನೆಂಟು...

"ಇದ್ಯಾರದು?"

ಯೂಸ್ಟೈನ್ ಹಿಮದಲ್ಲಿ ಕುಸಿದು ಕೂತ. "ನಿಲ್ಸು ಅದನ್ನ... ನಿಲ್ಸೇ! ಅವತ್ತೂ ಹಿಂಗೇ ಕೂಗ್ತಿತ್ತು."

ಅವಳಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು.

"ಅವನದು ಆನ್ ಇತ್ತಾ?"

"ಎರಡೇ ಮೀಟರ್ ಕೆಳಗಿದ್ದ. ಮೇಲಿಂದ ಇನ್ನೊಂದ್ಸಲ ಹಿಮ ಜಾರಿ ಬರುತ್ತೆ ಅಂತ ಹೆದ್ರಿ... ಓಡಿಬಿಟ್ಟೆ."

"ಒಂದು ವರ್ಷ ಅವನನ್ನ ಬೈದೆನಲ್ಲೋ ನಾನು. ಸತ್ತ ತಮ್ಮನ್ನ. ನಿನ್ನ ಎದೆಗೊರಗಿ ಬೈದೆ!"

ಆಗ... ಧುಮ್. ಮುಂದಿನ ಇಳಿಜಾರು ಪೂರ್ತಿ ಗುಡುಗುಡನೆ ಜಾರಿ, ಅವರಿಂದ ಹತ್ತು ಹೆಜ್ಜೆ ದೂರದಲ್ಲಿ ಹಾದುಹೋಯಿತು. ಎಲ್ಲ ಅಡಗಿದಾಗ ಬೀಪ್ ಕೂಡ ನಿಂತಿತ್ತು.

ಅವಳು ತಿರುಗಿ ನಡೆದಳು. "ನಿಲ್ಲೇ ಟೊರುನ್!" ಅಂತ ಅವನು ಕೂಗುತ್ತಲೇ ಇದ್ದ. ಹಿಂದೆ ನೋಡಲಿಲ್ಲ. ಅಂದಿನಿಂದ ತವರುಮನೆಯಲ್ಲೇ ಇದ್ದಾಳೆ.

ಅದೇ ಬೆಳಿಗ್ಗೆ ನಾವು ಹುಡುಕುವ ತಂಡದವರು ಮೇಲೆ ಹೋದೆವು, ಬೇರೆ ಯಾರಾದರೂ ಸಿಕ್ಕಿಬಿದ್ದಿದ್ದರೆ ಅಂತ. ವಾಸನೆ ಹಿಡಿಯುವ ನಮ್ಮ ನಾಯಿ ಒಂದು ಕಡೆ ಕೂತಿತು. ಎಳೆದರೂ ಏಳಲಿಲ್ಲ. ಅಗೆದೆವು. ಯಾರೂ ಇರಲಿಲ್ಲ. ಮನುಷ್ಯ ಮಲಗುವಷ್ಟು ಪೊಳ್ಳು, ಅಷ್ಟೆ. ಹೂತುಹೋದವರ ಉಸಿರು ತಾಗಿ ತಾಗಿ ಮುಖದ ಮುಂದಿನ ಹಿಮ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ಆ ಪೊಳ್ಳಿನಲ್ಲೂ ಅಂಥ ಮಂಜುಗಡ್ಡೆಯ ಬಿಲ್ಲೆಯೊಂದಿತ್ತು, ತಟ್ಟೆಯಗಲದ್ದು. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಅದನ್ನು ಕಿತ್ತು ತೆಗೆದವನು ನಾನೇ.

ಉಸಿರು ತಾಗುವ ಅದರ ಒಳಮೈ ಇನ್ನೂ ಒದ್ದೆಯಿತ್ತು.